ಎರಡನೇ ಸಾಲು

ನಮ್ಮೂರಲ್ಲಿ ಶಾಯಿಯಿಂದ ಬರೆದದ್ದು ಯಾರಾದರೂ ನೋಡುತ್ತಿರುವಷ್ಟು ಹೊತ್ತು ಮಾತ್ರ ಇರುತ್ತದೆ. ರೆಪ್ಪೆ ಬಡಿದರೆ ಏನೂ ಆಗುವುದಿಲ್ಲ. ಆದರೆ ಬಾಗಿಲಿಗೆ ಬಂದವರನ್ನು ಯಾರೆಂದು ಕೇಳಿ ಮತ್ತೆ ಕಾಗದಕ್ಕೆ ಕಣ್ಣು ತರುವಷ್ಟರಲ್ಲಿ ಅಕ್ಷರ ಹೋಗಿರುತ್ತದೆ, ಕಾಗದ ಅಂಗಡಿಯಿಂದ ತಂದ ಹಾಗೆ ಬೆಳ್ಳಗಿರುತ್ತದೆ. ಆದ್ದರಿಂದ ನಮ್ಮಲ್ಲಿ ಲಗ್ನಪತ್ರಿಕೆ ಅಂತ ಇಲ್ಲ, ಮನೆಮನೆಗೆ ಹೋಗಿ ಬಾಯಿಂದಲೇ ಕರೆಯುತ್ತಾರೆ. ಅಂಗಡಿಗಳಿಗೆ ಬೋರ್ಡಿಲ್ಲ, ಏನು ಮಾರುತ್ತಾರೋ ಅದನ್ನೇ ಬಾಗಿಲಿಗೆ ಕಟ್ಟುತ್ತಾರೆ. ಟಪಾಲಿನವರು ಜೋಡಿಯಾಗಿ ಬರುತ್ತಾರೆ, ಒಬ್ಬ ದಾರಿ ನೋಡುವವನು, ಒಬ್ಬ ಕಾಗದ ನೋಡುವವನು. ಬಿಚ್ಚಿದ ಕಾಗದವನ್ನೇ ಓದುತ್ತ ತರುವುದರಿಂದ ಯಾರ ಮನೆಯ ಸುದ್ದಿಯೂ ಇಲ್ಲಿ ಗುಟ್ಟಲ್ಲ. ಹೊಲಮನೆ ಯಾರವೆಂದು ಬರೆದ ಉತಾರ ಇಟ್ಟಿರುವ ಕಚೇರಿಯಲ್ಲಿ ನೂರಿಪ್ಪತ್ತು ಜನ ಮೂರು ಪಾಳಿಯಲ್ಲಿ ಕೂತು ತೆರೆದ ವಹಿಗಳನ್ನು ನೋಡುತ್ತಾರೆ. ಅವರಿಗೆ ನೋಡುಗರು ಅಂತ ಹೆಸರು.

ನನ್ನ ಅತ್ತೆ ಸಾತವ್ವ ಮೂವತ್ತೊಂದು ವರ್ಷ ಆ ಕೆಲಸ ಮಾಡಿದವಳು. ನೋಡುಗರಿಗೆ ಒಂದು ಪದ್ಧತಿ ಇದೆ. ನೋಡುತ್ತಿರುವ ಸಾಲನ್ನು ಸಣ್ಣ ದನಿಯಲ್ಲಿ ಓದುತ್ತಲೇ ಇರಬೇಕು. ಹಿಂದೆ ಓಡಾಡುವ ಮೇಲ್ವಿಚಾರಕನಿಗೆ ದನಿ ನಿಂತರೆ ಕಣ್ಣೂ ಜಾರಿತು ಅಂತ ಗೊತ್ತಾಗುತ್ತದೆ, ಅವನು ಕೋಲಿನಿಂದ ಬೆನ್ನು ಮುಟ್ಟುತ್ತಾನೆ. ಅತ್ತೆಯ ಬೆನ್ನನ್ನು ಮೂವತ್ತೊಂದು ವರ್ಷದಲ್ಲಿ ಎರಡೇ ಸಲ ಮುಟ್ಟಿದ್ದರಂತೆ. ಎರಡನೇ ಸಲ ನನ್ನ ಗಂಡ ಹುಟ್ಟುವ ಹಿಂದಿನ ದಿನ. ಅನುಭವದ ನೋಡುಗರು ಸಾಲಿನಿಂದ ಸಾಲಿಗೆ ತಿರುಗುತ್ತ ಇಡೀ ಪುಟ ಹಿಡಿಯುತ್ತಾರೆ, ನಮ್ಮಂಥವರ ಕಣ್ಣಿಗೆ ಒಂದು ಸಾಲೇ ಸಾಕುಸಾಕಾಗುತ್ತದೆ. ಈಗ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮುಖ ನೋಡಿ ಗುರುತು ಹಿಡಿಯಲಾರಳು, ನಡಿಗೆಯ ಸಪ್ಪಳದ ಮೇಲೆ ಹಿಡಿಯುತ್ತಾಳೆ.

ಇನ್ನು ನನ್ನ ಮಾತು. ನನ್ನ ಹೆಸರು ಫಕೀರವ್ವ. ನನ್ನ ಕಣ್ಣು ಚೆನ್ನಾಗಿವೆ, ನಿಲ್ಲುವುದಿಲ್ಲ ಅಷ್ಟೆ. ಸಣ್ಣವಳಿದ್ದಾಗಿನಿಂದ ಹಾಗೆಯೇ. ಒಲೆಯ ಮೇಲೆ ಹಾಲಿಟ್ಟು ಬೆಲ್ಲ ತರಲು ಹೋದರೆ ದಾರಿಯಲ್ಲಿ ಯಾರದೋ ಮನೆಯ ಕರು ಕಂಡು ಅಲ್ಲೇ ಕೂತಿರುತ್ತಿದ್ದೆ. ಬೈಸಿಕೊಂಡೆ, ಹೊಡೆಸಿಕೊಂಡೆ, ನಾನೇ ನನ್ನ ತಲೆಗೆ ಬಡಿದುಕೊಂಡೆ. ಮೂವತ್ತೆರಡಕ್ಕೆ ಬಳೆ ಕಾರ್ಖಾನೆಯ ಡಾಕ್ಟರು ಇದಕ್ಕೊಂದು ಹೆಸರಿದೆ ಅಂದರು. ಎಡಿಎಚ್‌ಡಿ, ನಾಲ್ಕು ಇಂಗ್ಲಿಷ್ ಅಕ್ಷರ. ಮಾತ್ರೆಯೂ ಇದೆ ಅಂದರು. ಮೊದಲ ಮಾತ್ರೆ ನುಂಗಿದ ದಿನ ಸಂಜೆ ಮನೆಗೆ ಬಂದು ಒಂದು ಸೇರು ಅಕ್ಕಿಯ ಕಲ್ಲು ಆರಿಸಿ ಮುಗಿಸಿದೆ. ಪೂರಾ ಮುಗಿಸಿದೆ. ಅತ್ತೆ ಮೊರವನ್ನು ಕೈಯಿಂದ ಸವರಿ ನೋಡಿ, "ಯಾರು ಬಂದು ಆರಿಸಿಕೊಟ್ರು?" ಅಂತ ಕೇಳಿದ್ದಳು.

ಕಾರ್ಖಾನೆಯಲ್ಲಿ ನನ್ನದು ನಾದ ಕೇಳುವ ಕೆಲಸ. ಒಂದು ಬಳೆಗೆ ಇನ್ನೊಂದನ್ನು ಮೆಲ್ಲಗೆ ತಾಗಿಸಿದರೆ ಗಟ್ಟಿ ಬಳೆ ಒಂದು ಥರ ನುಡಿಯುತ್ತದೆ, ಒಡಕು ಬಳೆ ಇನ್ನೊಂದು ಥರ. ಒಡಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಸಿಗಬೇಕು. ಮಾತ್ರೆಯ ಮೇಲೆ ಒಂಬತ್ತು ವರ್ಷ ದಿನಕ್ಕೆ ಎರಡು ಸಾವಿರ ಬಳೆ ಕೇಳಿದೆ. ಆಗ ಕೊರಳಲ್ಲಿ ಹಿತ್ತಾಳೆಯ ಬಿಲ್ಲೆ ಇತ್ತು. ಬಿಲ್ಲೆ ಇದ್ದವರ ಕಾಯಿಲೆ ಕಸಾಲೆ ಕಾರ್ಖಾನೆಯ ಸಂಘದ ಜವಾಬ್ದಾರಿ. ಗುಡ್ಡದ ಮೇಲಿನ ಡಾಕ್ಟರು ಚೀಟಿ ಬರೆದರೆ ಸಂಘದ ನೋಡುಗ ಅದನ್ನು ಹೊಳೆ ದಂಡೆಯ ಔಷಧ ಕಟ್ಟೆಯವರೆಗೆ ಹಿಡಿದುಕೊಂಡು ಹೋಗುತ್ತಿದ್ದ, ಸಂಜೆ ಮಾತ್ರೆ ಮನೆಗೆ ಬರುತ್ತಿತ್ತು. ಜ್ವರದ ಗುಳಿಗೆಯನ್ನು ಕಟ್ಟೆಯಲ್ಲಿ ಬಾಯಿಮಾತಿಗೆ ಕೊಡುತ್ತಾರೆ. ನನ್ನ ಮಾತ್ರೆ ಹಾಗಲ್ಲ. ಡಾಕ್ಟರ ಕೈಬರಹ ಕಣ್ಣೆದುರು ಇದ್ದರೆ ಮಾತ್ರ, ಅದೂ ಒಂದು ಸಲಕ್ಕೆ ಒಂದೇ ತಿಂಗಳಿನದು.

ಯುಗಾದಿ ಕಳೆದ ಮೇಲೆ ಮಾಲೀಕರು ನಾದದ ಅಂಗಳವನ್ನು ಗುರುಶಾಂತಪ್ಪ ಎನ್ನುವ ಗುತ್ತಿಗೆದಾರನಿಗೆ ವಹಿಸಿದರು. ಒಂದು ಬುಟ್ಟಿ ತಂದು ನಮ್ಮ ಬಿಲ್ಲೆಗಳನ್ನೆಲ್ಲ ಅದರಲ್ಲಿ ಹಾಕಿಸಿಕೊಂಡರು. ಕೂರುವ ಜಾಗ ಅದೇ, ಬಳೆಯೂ ಅವೇ. ಇಷ್ಟು ವರ್ಷ ಬಿಲ್ಲೆ ತಾಗುತ್ತಿದ್ದ ಎದೆಯ ಜಾಗದಲ್ಲಿ ಮಾತ್ರ ಒಂದು ವಾರ ತಣ್ಣಗೆ ಅನಿಸುತ್ತಿತ್ತು.

ಉಳಿದ ಮಾತ್ರೆಗಳನ್ನು ಈಳಿಗೆಯಿಂದ ಅರ್ಧ ಮಾಡಿ ನುಂಗಿದೆ, ಆಮೇಲೆ ಕಾಲು ಮಾಡಿ. ಮುಗಿದ ಮೇಲೆ ನಾನೇ ಗುಡ್ಡ ಹತ್ತಿ ಚೀಟಿ ಬರೆಸಿಕೊಂಡು ಇಳಿದೆ. ಎರಡು ತಾಸಿನ ದಾರಿ. ನನಗೆ ಬೇಕಾದ ಮಾತ್ರೆ ನೋಟ ನಿಲ್ಲಿಸುವ ಮಾತ್ರೆ, ಅದನ್ನು ತರಬೇಕಾದರೆ ಎರಡು ತಾಸು ನೋಟ ನಿಲ್ಲಬೇಕು. ಕಾಲು ಭಾಗ ದಾರಿಯೂ ಸವೆಸಿರಲಿಲ್ಲ, ಹುಣಸೆ ಮರದಲ್ಲಿ ಗಿಳಿಗಳು ಜಗಳಾಡುತ್ತಿದ್ದವು. ನಾನು ಗಿಳಿ ನೋಡಿದ್ದು ನನಗೇ ಗೊತ್ತಿಲ್ಲ. ಕೈಯಲ್ಲಿ ಬಿಳಿ ಕಾಗದ ಕಂಡ ಮೇಲೆ ಗೊತ್ತಾಯಿತು. ಡಾಕ್ಟರು ತಿಂಗಳಿಗೆ ಒಂದೇ ಗುರುವಾರ ಬರುವವರು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋಗುತ್ತಾರೆ. ಮುಂದಿನ ತಿಂಗಳು ಮಡಿವಾಳರ ಕಟ್ಟೆಯವರೆಗೆ ಹಿಡಿದೆ. ಅಲ್ಲಿ ಯಾರೋ ಹಿಂದಿನಿಂದ "ಫಕೀರಿ" ಅಂದರು.

ಆ ತಿಂಗಳು ನನ್ನ ಕಿವಿಯಿಂದ ತಪ್ಪಿಸಿಕೊಂಡ ಒಂದು ಒಡಕು ಬಳೆ ಊರು ದಾಟಿ ಹೋಯಿತು. ಸೀಮಂತದ ದಿನ ತೊಡಿಸುವಾಗ ಮುರಿದು ಬಸುರಿಯ ಮಣಿಕಟ್ಟು ಕೊಯ್ದಿತ್ತು. ಗುರುಶಾಂತಪ್ಪ ಆ ಹಸಿರು ಚೂರುಗಳನ್ನು ತಂದು ನನ್ನ ಮಡಿಲಿಗೆ ಹಾಕಿದ. "ಫಕೀರವ್ವಾ, ಇನ್ನೊಂದು ಒಡಕ ಬಳಿ ಹೊರಗ ಹೋತಂದ್ರ ನೀನೂ ಅದರ ಹಿಂದ ಹೋಗೂದು. ಸೋಮವಾರ ಜಾತ್ರಿ ಮಾಲು ಬರತೈತಿ. ಕಿವಿ ತಗೊಂಡು ಬಾ, ಇಲ್ಲಾಂದ್ರ ಬರಬ್ಯಾಡ." ಕೆಲಸ ಹೋದರೆ ಕಾರ್ಖಾನೆಯ ಸಾಲುಮನೆಯೂ ಹೋಗುತ್ತದೆ. ಅದನ್ನು ಅವನು ಹೇಳಲಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಚೂರುಗಳ ಸುದ್ದಿ ಕೇಳಿ, ತಟ್ಟೆಯನ್ನು ಅಂಚು ಹಿಡಿದು ಪಕ್ಕಕ್ಕೆ ಸರಿಸಿದಳು.

"ಈ ಸಲ ನಾನೂ ಬರ್ತೇನಿ," ಅಂದಳು.

"ನೀ ಬಂದು ಏನ್ ಮಾಡ್ತಿ ಅತ್ತಿ? ನಿನಗ ಕಾಣೂದಿಲ್ಲ."

"ನಿನಗ ಕಾಣತೈತೆಲ್ಲ, ಏನ್ ಮಾಡಿದಿ?" ಅಂದಳು. "ನಿನ್ನ ಕಣ್ಣು ಗುಬ್ಬಿ ಇದ್ದಂಗ, ಕುಂತಲ್ಲೆ ಕುಂದ್ರೂದಿಲ್ಲ. ನನ್ನ ಕಣ್ಣು ಮಂದ ಆಗಿರಬಹುದು, ಕುಂದ್ರೂದು ಮರ್ತಿಲ್ಲ."

ಗುರುವಾರ ಬೆಳಿಗ್ಗೆ ಇಬ್ಬರೂ ಗುಡ್ಡ ಹತ್ತಿದೆವು. ಡಾಕ್ಟರು ಸುಮಾರು ನನ್ನ ವಯಸ್ಸಿನ ಹೆಂಗಸು. ಎರಡು ತಿಂಗಳು ಮಾತ್ರೆ ಮುಟ್ಟಿಲ್ಲ ಅಂದಾಗ ಬೈಯಲಿಲ್ಲ. ಬಿಲ್ಲೆ ಇಲ್ಲದವರಿಗೆ ಕಟ್ಟೆಯಲ್ಲಿ ಏನು ದರ ಹೇಳುತ್ತಾರೆ ಅಂತ ಕೇಳಿದರು. ತಿಂಗಳ ಮಾತ್ರೆಗೆ ನನ್ನ ಇಪ್ಪತ್ತು ದಿನದ ಪಗಾರ ಬೇಕು, ಗಂಟಿನಲ್ಲಿರುವಷ್ಟಕ್ಕೆ ಎಷ್ಟು ಬರುತ್ತವೋ ಅಷ್ಟೇ ತರಬೇಕು ಅಂದೆ.

"ಬಡವರ ದರ ಅಂತ ಒಂದಿದೆಯಲ್ಲ, ಅದನ್ನ ಯಾರೂ ಹೇಳಲಿಲ್ಲವಾ ನಿಮಗೆ?" ಅಂದರು. "ಮೂರು ದಿನದ ಪಗಾರದಲ್ಲಿ ಆಗತ್ತೆ. ಆದರೆ ನಾನು ಚೀಟಿಯಲ್ಲಿ ಬರೆದುಕೊಡಬೇಕು."

"ಬರೀರಿ ಮೇಡಂ," ಅಂದಳು ಅತ್ತೆ. "ಅದೊಂದು ಸಾಲು ಕನ್ನಡದಾಗ ಬರೀರಿ. ದಪ್ಪಗ."

ಚೀಟಿಯ ಮೇಲೆ ಎರಡು ಸಾಲಾದವು. ಮೇಲೆ ಇಂಗ್ಲಿಷಿನಲ್ಲಿ ಮಾತ್ರೆಯ ಹೆಸರು, ನೆಲೋಫಿನ್ ಹತ್ತು, ಮೂವತ್ತು ಮಾತ್ರೆ. ಕೆಳಗೆ ದಪ್ಪ ಕನ್ನಡ ಅಕ್ಷರ. ಅತ್ತೆ ಡಾಕ್ಟರ ಮೇಜಿಗೆ ಎರಡೂ ಕೈ ಊರಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಓದಿದಳು. "ಬಿಲ್ಲೆ ಇಲ್ಲದವರು, ಬಡವರ ದರಕ್ಕೆ ಕೊಡಿ." ಆಮೇಲೆ ತಲೆಯೆತ್ತದೆ ನನಗೆ ಹೇಳಿದಳು: "ಕೇಳಿಲ್ಲೆ. ಮ್ಯಾಲಿಂದು ಸಣ್ಣಕ್ಷರ, ಅದು ನಿನಗ. ಕೆಳಗಿಂದು ನನಗ. ನೀ ಎರಡೂ ಹಿಡಿಯಾಕ ಹೋಗಬ್ಯಾಡ, ಎರಡೂ ಕಳೀತಿ. ಒಂದೊಂದ ಅಕ್ಷರ ಬಿಡಿಸಿ ಓದು, ಬಾಯಿ ನಿಲ್ಲಿಸಬ್ಯಾಡ. ನಿಂತ್ರ ನಾ ಚುಚ್ಚತೇನಿ."

ಒಂದು ಸಣ್ಣ ಹಲಗೆಯ ಪಾಟಿಗೆ ಚೀಟಿ ಕಟ್ಟಿ ಇಬ್ಬರ ನಡುವೆ ಹಿಡಿದುಕೊಂಡು ಹೊರಟೆವು. ದಾರಿ ನೋಡುವವರು ಯಾರೂ ಇರಲಿಲ್ಲ. ಅತ್ತೆಯ ಎಡಗೈಯಲ್ಲಿ ಕೋಲು, ಮೂವತ್ತೊಂದು ವರ್ಷ ಅದೇ ದಾರಿಯಲ್ಲಿ ಕಚೇರಿಗೆ ಹೋದ ಕಾಲು. ಬಲಗೈ ನನ್ನ ಸೊಂಟದಲ್ಲಿ, ಹೆಬ್ಬೆರಳು ಚುಚ್ಚಲು ತಯಾರು. ಮೊದಲು ಅವಳು ಪಾಟಿಯ ಮೇಲೆ ಬಗ್ಗಿಯೇ ನಡೆಯುತ್ತಿದ್ದಳು. ಇಳಿಜಾರು ಶುರುವಾದ ಮೇಲೆ ಬಗ್ಗಿ ನಡೆಯಲಾಗದೆ ನೆಟ್ಟಗಾದಳು. ನಾನು "ಎನ್, ಇ, ಎಲ್, ಓ, ಎಫ್, ಐ, ಎನ್, ಹತ್ತು, ಮೂವತ್ತು" ಅನ್ನುತ್ತಿದ್ದೆ. ಅದರ ಮೇಲೆ ಅವಳ ದನಿ, ಅವಸರವಿಲ್ಲದ ಕಚೇರಿಯ ದನಿ: "ಬಿಲ್ಲೆ ಇಲ್ಲದವರು, ಬಡವರ ದರಕ್ಕೆ ಕೊಡಿ."

ಹುಣಸೆ ಮರ ಬಂತು. ಗಿಳಿಗಳಿದ್ದವು. ನನ್ನ ಬಾಯಿ 'ಎಫ್'ನಲ್ಲಿ ನಿಂತಿತು. ಹೆಬ್ಬೆರಳು ಪಕ್ಕೆಲುಬಿಗೆ ಹೊಕ್ಕಿತು. "ಐ!" ಅಂದೆ. ಅದು ನೋವಿಗೆ ಅಂದದ್ದೋ ಅಕ್ಷರಕ್ಕೆ ಅಂದದ್ದೋ ನನಗೇ ತಿಳಿಯಲಿಲ್ಲ. ಅತ್ತೆ ಓದುತ್ತಲೇ ನಕ್ಕಳು.

ನಾಲ್ಕು ದಾರಿ ಕೂಡುವಲ್ಲಿ ಬಾಡಿಗೆ ನೋಡುಗರು ಕೊಡೆಯ ಕೆಳಗೆ ಕೂತಿರುತ್ತಾರೆ. ಅವರು ಕೇಳುವುದು ಮಾತ್ರೆಗಿಂತ ಹೆಚ್ಚು. ಅವರಲ್ಲಿ ಒಬ್ಬ ನಮ್ಮನ್ನು ಕಂಡು ಕೂಗಿದ: "ಏನಬೇ ಸಾತವ್ವ, ಅತ್ತಿ ಸೊಸಿ ಕೂಡಿ ಭಜನಿ ಹೊಂಟೀರಿ? ತಾಳ ಎಲ್ಲಿ ಬಿಟ್ಟು ಬಂದ್ರಿ?"

ಅತ್ತೆ ಓದುವ ರಾಗದಲ್ಲೇ ಉತ್ತರ ಕೊಟ್ಟಳು. "ನಿನ್ನ ತಲಿ ಐತೆಲ್ಲೋ, ಬಡದ್ರ ಅದ ತಾಳ. ಬಡವರ ದರಕ್ಕೆ ಕೊಡಿ, ಬಿಲ್ಲೆ ಇಲ್ಲದವರು." ಅವರೆಲ್ಲ ಹೋ ಎಂದು ನಕ್ಕರು. ನಾನು ನಗಲಿಲ್ಲ. 'ಎಲ್, ಓ' ಅನ್ನುತ್ತಿದ್ದೆ. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಬಂತು. ಉರಿಯಿತು. ಒರೆಸಲಿಲ್ಲ.

ಹಳ್ಳದ ಸೇತುವೆಯ ಮೇಲೆ ಹಿಂದಿನಿಂದ ಚಪ್ಪಲಿಯ ಸಪ್ಪಳ. ಅತ್ತೆ, "ದ್ಯಾಮಣ್ಣ ಬಂದ," ಅಂದಳು. ಮೊದಲು ನನ್ನ ಚೀಟಿ ಹಿಡಿಯುತ್ತಿದ್ದ ಸಂಘದ ನೋಡುಗ. ಅವತ್ತು ಅವನು ನಾಲ್ಕು ಚೀಟಿ ಬೆರಳುಗಳ ನಡುವೆ ಬೀಸಣಿಗೆಯಂತೆ ಹಿಡಿದು ಔಷಧ ಕಟ್ಟೆ ಕಡೆಗೆ ಹೊರಟದ್ದು ಕಣ್ಣಂಚಿನಲ್ಲಿ ಕಂಡಿತು. ಅವನೂ ತಲೆಯೆತ್ತಲಿಲ್ಲ, ಎತ್ತುವಂತಿರಲಿಲ್ಲ.

"ಯಾರು, ಫಕೀರವ್ವ ಏನ? ಹೆಂಗದೀಯವ್ವಾ?"

"ಹಿಂಗ ಅದೇನಣ್ಣಾ. ಎನ್, ಇ, ಎಲ್."

"ಒಂದಿಷ್ಟು ನಮ್ಮ ಚೀಟಿ ಮ್ಯಾಲ ಕಣ್ಣ ಹಾಯಿಸು ದ್ಯಾಮಣ್ಣ," ಅಂದಳು ಅತ್ತೆ. "ಎರಡೂ ಸಾಲು ಕಪ್ಪಗ ಅದಾವೋ ಹೆಂಗೋ, ಬರೇ ಹೇಳು."

ಅವನು ನಿಂತ. ಉಸಿರು ಎಳೆದುಕೊಂಡದ್ದು ಕೇಳಿಸಿತು. "ಐದನೇದಕ್ಕ ಕಣ್ಣ ಹಾಕಿದ್ರ ಇದರಾಗಿಂದೊಂದು ಹೋಗತೈತಿ ಸಾತವ್ವಕ್ಕಾ. ಒಂದು ಸಣ್ಣ ಕೂಸಿನ ಫಿಟ್ಸಿನ ಔಷಧ ಐತಿ ಇದರಾಗ. ನೀವ ಹೇಳ್ರಿ, ನೋಡಲೇನ?"

"ಬ್ಯಾಡಪ್ಪಾ, ನಡಿ," ಅಂದಳು ಅತ್ತೆ. ಅವನ ಚಪ್ಪಲಿಯ ಸಪ್ಪಳ ದೂರವಾಯಿತು.

ಅಲ್ಲಿಂದ ಮುಂದಿನದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ಸೇತುವೆ ದಾಟಿದ ಮೇಲೆ ಹೆಬ್ಬೆರಳು ನನ್ನನ್ನು ಒಂದೇ ಒಂದು ಸಲವೂ ಮುಟ್ಟಲಿಲ್ಲ. ದಾರಿಯಲ್ಲಿ ಏನೇನು ಬಂತೋ ಹೋಯಿತೋ ನನಗೆ ಗೊತ್ತಿಲ್ಲ, ಹೂವಿನ ವಾಸನೆಯೊಂದು ಹತ್ತಿರ ಬಂದು ಹಿಂದೆ ಹೋದದ್ದಷ್ಟೇ ನೆನಪು. ನನ್ನ ಜನ್ಮದಲ್ಲಿ ಮಾತ್ರೆ ಇಲ್ಲದೆ ನನ್ನ ಕಣ್ಣು ಒಂದು ಕಡೆ ಕೂತದ್ದು ಅವತ್ತೇ. ಅತ್ತೆ ಹೇಳಿದ ಸಾಲಿನ ಮೇಲೆ ಕೂತಿತ್ತು, ಕೂದಲೆಳೆಯಷ್ಟೂ ಕೆಳಗೆ ಇಳಿಯಲಿಲ್ಲ. ಒಳಗೊಳಗೇ ಹಿಗ್ಗುತ್ತಿದ್ದೆ. ಸೋಮವಾರ ಅಂಗಳದಲ್ಲಿ ಕೂರುತ್ತೇನೆ, ಜಾತ್ರೆಯ ಬಳೆಗಳಲ್ಲಿ ಒಂದೇ ಒಂದು ಒಡಕನ್ನೂ ದಾಟಿಸುವುದಿಲ್ಲ ಅಂದುಕೊಂಡೆ.

ನಾಲ್ಕಕ್ಕೆ ಮುಚ್ಚುವ ಔಷಧ ಕಟ್ಟೆಯನ್ನು ಮೂರೂವರೆಗೆ ಮುಟ್ಟಿದೆವು. ಕಿಟಕಿಯಲ್ಲಿದ್ದವನು ಇಮಾಮಸಾಬ, ಅತ್ತೆಯ ಕಚೇರಿಯಲ್ಲೇ ಕೆಲವು ವರ್ಷ ಇದ್ದವನು. ಪಾಟಿಯನ್ನು ಕಿಟಕಿಯೊಳಗೆ ಸರಿಸಿದೆ. ಅವನು ಕಣ್ಣಿಟ್ಟ ಮೇಲೆ, "ಹೂಂ, ಹಿಡದೇನಿ, ಬಿಡವ್ವಾ," ಅಂದ. ಆಗ ಬಿಟ್ಟೆ. ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ರೆಪ್ಪೆಯ ಒಳಗೂ ಏಳು ಅಕ್ಷರ ನಿಂತಿದ್ದವು.

"ನೆಲೋಫಿನ್ ಹತ್ತು, ಮೂವತ್ತು ಮಾತ್ರಿ," ಅಂತ ಓದಿದ. "ಭೇಷ್. ಇಷ್ಟು ಕಪ್ಪಗ ಸಂಘದವರೂ ತರೂದಿಲ್ಲ." ಆಮೇಲೆ ದರ ಹೇಳಿದ. ಇಪ್ಪತ್ತು ದಿನದ ಪಗಾರ.

"ಕೆಳಗಿನ ಸಾಲು ಓದೋ," ಅಂದಳು ಅತ್ತೆ.

"ಕೆಳಗ?"

"ಬಿಲ್ಲೆ ಇಲ್ಲದವರು, ಬಡವರ ದರಕ್ಕೆ ಕೊಡಿ."

ನಾನು ಕಣ್ಣು ತೆರೆದೆ. ಮಾತ್ರೆಯ ಹೆಸರು ಈಗತಾನೇ ಬರೆದಂತೆ ಹೊಳೆಯುತ್ತಿತ್ತು. ಅದರ ಕೆಳಗೆ ಚೀಟಿ ಬರಿದಾಗಿತ್ತು. ಅರ್ಧ ಅಕ್ಷರವಾಗಲಿ, ಒಂದು ಒತ್ತಾಗಲಿ, ಒಂದು ಚುಕ್ಕೆಯಾಗಲಿ ಉಳಿದಿರಲಿಲ್ಲ. ಅತ್ತೆ ಇನ್ನೂ ಆ ಜಾಗವನ್ನೇ ನೋಡುತ್ತಿದ್ದಳು. "ಬಿಲ್ಲೆ ಇಲ್ಲದವರು," ಅನ್ನುತ್ತಿದ್ದಳು.

"ಅತ್ತಿ," ಅಂದೆ. "ಅಲ್ಲಿ ಏನೂ ಇಲ್ಲ."

ಅವಳ ಬಾಯಿ ನಿಂತಿತು. ಪಾಟಿಯ ಮೇಲೆ ಬಗ್ಗಿದಳು, ಮೂಗು ತಾಗಿಸಿದಳು, ಕಾಗದವನ್ನು ಬೆರಳಿನಿಂದ ಸವರಿದಳು, ಅಕ್ಕಿ ಸವರಿದ ಹಾಗೆ. ಡಾಕ್ಟರ ಮೇಜಿನ ಹತ್ತಿರ ಕಂಡದ್ದೇ ಅವಳು ಕಂಡದ್ದು. ಇಳಿಜಾರಿನಲ್ಲಿ ನೆಟ್ಟಗಾದ ಗಳಿಗೆಯಲ್ಲೋ, ಅದಕ್ಕೂ ಮೊದಲೋ ಸಾಲು ಹೋಗಿತ್ತು. ಮೂವತ್ತೊಂದು ವರ್ಷದ ಬಾಯಿ ಓದುವುದನ್ನು ನಿಲ್ಲಿಸಿರಲಿಲ್ಲ, ಅಷ್ಟೆ.

"ನನಗ ಎಲ್ಲಾನೂ ಮಬ್ಬ ಕಾಣತೈತಿ," ಅಂದಳು, ನನಗಲ್ಲ, ಇಮಾಮಸಾಬನಿಗೂ ಅಲ್ಲ. "ಇದ್ದದ್ದೂ ಮಬ್ಬ, ಇಲ್ಲದ್ದೂ ಮಬ್ಬ. ಐತಿ ಅಂತನ ತಿಳಕೊಂಡಿದ್ನಿ."

ಇಮಾಮಸಾಬ ಚೀಟಿಯಿಂದ ಕಣ್ಣು ತೆಗೆಯದೆ ಮಾತಾಡಿದ. "ಸಾತವ್ವಕ್ಕಾ, ನೀವು ಸುಳ್ಳ ಹೇಳೂದಿಲ್ಲ, ನಾ ಬಲ್ಲೆ. ನಂಬತೇನಿ. ನಾ ನಂಬಿದ್ರ ಏನ್ ಬಂತ್ರಿ? ಸಂಜೀಕ ವಹಿ ತಪಾಸಕ್ಕ ಬರ್ತಾರ. ಬರದದ್ದು ತೋರಸು ಅಂತಾರ."

"ಹತ್ತ ಮಾತ್ರಿ ಕೊಡ್ರಿ," ಅಂದೆ. ಸೆರಗಿನ ಗಂಟು ಬಿಚ್ಚಿದೆ. ಅದರಲ್ಲಿ ಮೂರು ದಿನದ ಪಗಾರ ಇತ್ತು. "ಇಷ್ಟಕ್ಕ ಎಷ್ಟ ಬರ್ತಾವ ಅಷ್ಟ. ಸೋಮವಾರದ್ದು ಒಂದಾದ್ರೂ."

"ಚೀಟ್ಯಾಗ ಮೂವತ್ತು ಬರದೈತೆವ್ವಾ. ಮೂವತ್ತು ಇಲ್ಲಾ ಏನೂ ಇಲ್ಲ. ಈ ಮಾತ್ರಿ ಬಿಡಿ ಮಾರೂ ಹಂಗಿಲ್ಲ." ಅವನು ಒಂದು ಕೈಯಿಂದ ಒಳಗಿನವರಿಗೆ ಚಹಾ ಹೇಳಿದ. ಇನ್ನೊಂದು ಕೈಯಿಂದ ಪಾಟಿಯನ್ನು ಮೆಲ್ಲಗೆ ಹೊರಗೆ ಸರಿಸಿ, ನನ್ನ ಕಣ್ಣು ಅದರ ಮೇಲೆ ಬರುವವರೆಗೆ ಕಾಯ್ದ. ಅಷ್ಟು ಮರ್ಯಾದೆ ಮಾಡಿದ.

ಕಟ್ಟೆಯ ಮೆಟ್ಟಿಲ ಮೇಲೆ ಕೂತೆವು. ಚಹಾ ಬಂತು, ತಣ್ಣಗಾಯಿತು. ನಾನು ಚೀಟಿಯನ್ನೇ ನೋಡುತ್ತಿದ್ದೆ. ಹೊತ್ತು ಮುಳುಗಿದರೆ ಅದು ನಡೆಯದು, ಆ ದಿನದ ಚೀಟಿ ಆ ದಿನಕ್ಕೇ. ಗೊತ್ತಿದ್ದೂ ನೋಡುತ್ತಿದ್ದೆ. ಬೇಕಾದಾಗ ಎಂದೂ ನಿಲ್ಲದ ಕಣ್ಣು ಈಗ ಕೀಳಲು ಬರುತ್ತಿರಲಿಲ್ಲ. ನಾಲ್ಕು ಗಂಟೆ ಬಾರಿಸಿದರು. ಹಿಂದೆ ಕಿಟಕಿಯ ಹಲಗೆ ಹಾಕಿದ ಸದ್ದಾಯಿತು.

ದಾರಿಯಲ್ಲಿ ಒಂದು ಸಲ, ಒಂದೇ ಒಂದು ಸಲ ಕೆಳಗೆ ನೋಡಿದ್ದರೆ ಅಂತ ಯೋಚಿಸಿದೆ. ಯೋಚಿಸಿ ಏನು? ಇಳಿಜಾರಿನ ಶುರುವಿನಲ್ಲೇ ಸಾಲು ಹೋದದ್ದು ಕಾಣುತ್ತಿತ್ತು, ತಿರುಗಿ ಡಾಕ್ಟರ ಹತ್ತಿರ ಹೋಗಿ ಇನ್ನೊಮ್ಮೆ ಬರೆಸಬಹುದಿತ್ತು. ಗಿಳಿ ನೋಡುವ ಕಣ್ಣು ಕೆಳಗಿನ ಸಾಲನ್ನೊಂದು ನೋಡಲಿಲ್ಲ.

"ಫಕೀರಿ," ಅಂದಳು ಅತ್ತೆ. ಮೊದಲ ಬಾರಿಗೆ ಅವಳ ದನಿ ಮುದುಕಿಯ ದನಿಯಂತೆ ಕೇಳಿಸಿತು. "ಕಣ್ಣ ಕೆಂಪಗ ಆಗಿರಬೇಕು ನಿನಗ. ಸಾಕು, ಮುಚ್ಚು. ಅದನ್ನ ಇಲ್ಲೆ ಕೊಡು. ಮನೀತನಕ ನಾ ಹಿಡೀತೇನಿ."

ಯಾಕೆ ಅಂತ ಕೇಳಬಹುದಿತ್ತು. ಮನೆಗೆ ಒಯ್ದು ಮಾಡುವುದೇನು ಅಂತಲೂ ಕೇಳಬಹುದಿತ್ತು. ಕೇಳಲಿಲ್ಲ. ಪಾಟಿಯನ್ನು ಅವಳ ಎರಡೂ ಕೈಯಲ್ಲಿ ಇಟ್ಟೆ. ಅವಳ ಕೋಲು ನಾನು ತೆಗೆದುಕೊಂಡೆ, ಮೊಣಕೈ ಹಿಡಿದು ಎಬ್ಬಿಸಿದೆ. ಅವಳು ಪಾಟಿಯನ್ನು ಮುಖದ ಹತ್ತಿರ ತಂದುಕೊಂಡು ಗಂಟಲು ಸರಿಪಡಿಸಿಕೊಂಡಳು.

ನಾನು ದಾರಿ ನೋಡುತ್ತ ನಡೆದೆ. ಕಲ್ಲು ಬಂದರೆ ಕಲ್ಲು ಅಂದೆ, ನೀರು ಬಂದರೆ ನೀರು ಅಂದೆ. ಪಕ್ಕದಲ್ಲಿ ಅವಳು ಓದುತ್ತಿದ್ದಳು. ಎನ್, ಇ, ಎಲ್, ಓ, ಎಫ್, ಐ, ಎನ್, ಹತ್ತು, ಮೂವತ್ತು. ಹಾದಿಯುದ್ದಕ್ಕೂ ನನ್ನ ಬಾಯಿಂದ ಕೇಳಿ ಕಲಿತದ್ದು. ಅದು ಮುಗಿದ ಮೇಲೆ ಎರಡನೇ ಸಾಲು. ಮತ್ತೆ ಮೊದಲಿನಿಂದ. ನಾನು ಪಾಟಿಯ ಕಡೆ ಹೊರಳಲಿಲ್ಲ. ಸಾಲುಮನೆಯ ಬಾಗಿಲು ಮುಟ್ಟುವವರೆಗೂ ಅವಳು ಒಂದು ಅಕ್ಷರ ಬಿಡಲಿಲ್ಲ.